ಲೂರ್ದಮ್ಮನ ಐದನೇ ತರಗತಿ

ಕಳೆದ ಜೂನಿನಲ್ಲಿ ಮೊಮ್ಮಗಳನ್ನು ಐದನೇ ತರಗತಿಗೆ ಸೇರಿಸಲು ಕೋಲಾರದ ಒಂದು ಕಾನ್ವೆಂಟಿಗೆ ಹೋಗಿದ್ದೆ. ನಾನು ಓದಿದ ಶಾಲೆಯಲ್ಲ, ಈಚೆಗೆ ಕಟ್ಟಿದ್ದು. ಆಫೀಸಿನ ಮುಂದಿನ ಬೆಂಚಿನಲ್ಲಿ ಕಾಯುತ್ತಿದ್ದಾಗ ಪಕ್ಕದ ಪ್ರಾರ್ಥನೆಯ ಕೋಣೆಯಲ್ಲಿ ಯಾರೋ ಮೇಣದಬತ್ತಿ ಆರಿಸಿದರು. ಆರಿದ ಬತ್ತಿಯ ಹೊಗೆ ಬಾಗಿಲ ಸಂದಿಯಿಂದ ನಮ್ಮ ಕಡೆ ಬಂತು. ಮೊಮ್ಮಗಳು ಕೈಯಲ್ಲಿದ್ದ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದಳು: ಕನ್ನಡ, ಇಂಗ್ಲಿಷು, ಗಣಿತ, ವಿಜ್ಞಾನ, ಸಮಾಜ, ಕಂಪ್ಯೂಟರು.

"ಅಜ್ಜೀ, ನಿಂಗೆ ಐದನೇ ಕ್ಲಾಸಲ್ಲಿ ಏನೇನ್ ಇತ್ತು?"

ಕನ್ನಡ, ಲೆಕ್ಕ, ಸಂಸ್ಥಾನದ ಭೂಗೋಳ, ಹೊಲಿಗೆ ಎಂದು ಹೇಳಿದೆ. ಅಷ್ಟರಲ್ಲಿ ಒಳಗಿನಿಂದ ಕರೆದರು, ಮಾತು ಅಲ್ಲಿಗೇ ನಿಂತಿತು. ಆದರೆ ಆ ಹೊಗೆಯ ವಾಸನೆ ಮನೆಯವರೆಗೂ ನನ್ನ ಜೊತೆ ಬಂತು. ಮೊಮ್ಮಗಳಿಗೆ ಹೇಳದೆ ಉಳಿಸಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ಅದು ಯುದ್ಧದ ಕಾಲ. ನನಗೆ ಹತ್ತು ತುಂಬಿತ್ತು. ಮುಳಬಾಗಿಲಿನ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಕೋಲಾರಕ್ಕೆ ವರ್ಗವಾಯಿತು. ನಾವು ಹಿಡಿದ ಬಾಡಿಗೆ ಮನೆಯಿಂದ ಎರಡು ಬೀದಿ ದಾಟಿದರೆ ಕನ್ಯಾಸ್ತ್ರೀಯರ ಶಾಲೆ. ಹತ್ತಿರವಿದೆ, ಹೆಣ್ಣುಮಕ್ಕಳದ್ದು, ಐದನೇ ತರಗತಿಯಿಂದಲೇ ಇಂಗ್ಲಿಷ್ ಹೇಳಿಕೊಡುತ್ತಾರೆ ಎಂದು ಅಪ್ಪ ಅಲ್ಲಿಗೆ ಸೇರಿಸಲು ಹೊರಟರು. ತಾಯಲೂರಿನಿಂದ ನಮ್ಮ ಜೊತೆಗೇ ಬಂದಿದ್ದ ಅಜ್ಜಿಗೆ ಇದು ಸರಿಬರಲಿಲ್ಲ. ಅಜ್ಜಿಯ ಮಾತು ಅರ್ಧ ತೆಲುಗು, ಅರ್ಧ ಕನ್ನಡ; ಶಾಲೆಗೆ ಬಡಿ ಎನ್ನುವಳು, ಹುಡುಗಿಗೆ ಪಿಲ್ಲ.

"ಆ ದೊರಸಾನಿಗಳ ಬಡಿಗಾ ಪಿಲ್ಲನ್ನ ಕಳಿಸೋದು? ನಾಳೆ ಕುತ್ತಿಗೆಗೆ ಶಿಲುಬೆ ಕಟ್ಕೊಂಡ್ ಬರ್ತಾಳೆ ನೋಡ್ತಾ ಇರು."

"ಅವರು ಹಂಗೆಲ್ಲ ಮಾಡಲ್ಲಮ್ಮ. ನಮ್ಮ ಮಕ್ಕಳಿಗೆ ಬೇರೆ ಪಾಠ ಇದೆಯಂತೆ," ಎಂದರು ಅಪ್ಪ.

ಅಪ್ಪ ಹೇಳಿದ್ದು ನಿಜವಾಗಿತ್ತು. ದಿನದ ಮೊದಲ ಗಂಟೆಯಲ್ಲಿ ಕ್ರೈಸ್ತ ಹುಡುಗಿಯರಿಗೆ ಜ್ಞಾನೋಪದೇಶ, ಅಂದರೆ ಅವರ ಧರ್ಮದ ಪಾಠ. ಸಣ್ಣ ಪುಸ್ತಕವೊಂದರಲ್ಲಿ ಪ್ರಶ್ನೆ, ಕೆಳಗೆ ಉತ್ತರ. ಎಲ್ಲವನ್ನೂ ಬಾಯಿಪಾಠ ಮಾಡಬೇಕು. ಆ ಹೊತ್ತಿನಲ್ಲಿ ನಾವು ಉಳಿದ ಎಂಟು ಹುಡುಗಿಯರು ಹೊರಗಿನ ವರಾಂಡದಲ್ಲಿ ಕೂತು ಹೊಲಿಗೆ ಕಲಿಯಬೇಕು. ಬಟ್ಟೆಯ ಅಂಚು ಮಡಿಸುವುದು, ಗುಂಡಿಗೆ ಕಾಜಾ ಹಾಕುವುದು. ಆಮೇಲೆ ಎಲ್ಲರೂ ಒಟ್ಟಿಗೆ ಒಳಗೆ. ಕನ್ನಡದ ಗದ್ಯ ಪದ್ಯ, ಭಿನ್ನರಾಶಿ, ಸೇರು ಪಾವು ಚಟಾಕಿನ ಲೆಕ್ಕ, ಮೈಸೂರು ಸಂಸ್ಥಾನದ ಒಂಬತ್ತು ಜಿಲ್ಲೆಗಳ ನಕ್ಷೆ, ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ. ಎಲ್ಲವನ್ನೂ ಹೇಳಿಕೊಡುತ್ತಿದ್ದವರು ಸಿಸ್ಟರ್ ಕ್ಲೇರ್ ಒಬ್ಬರೇ. ಮಂಗಳೂರಿನ ಕಡೆಯವರು, ಸಣಕಲು ಮೈ, ಪುಸ್ತಕದಲ್ಲಿ ಬರೆದಂತೆಯೇ ಮಾತಾಡುವವರು. "ಕುಳಿತುಕೊಳ್ಳಿರಿ ಮಕ್ಕಳೇ" ಎಂದು ಅವರು ಮೊದಲ ದಿನ ಹೇಳಿದಾಗ ನಮಗೆಲ್ಲ ನಗು ತಡೆಯಲಾಗಲಿಲ್ಲ.

ವರಾಂಡದಲ್ಲಿ ನನ್ನ ಜಾಗ ಕಿಟಕಿಯ ಕೆಳಗೆ. ಒಳಗೆ ಮೂವತ್ತು ಹುಡುಗಿಯರು ಒಕ್ಕೊರಲಿನಿಂದ ಹೇಳುವುದು ದಿನವೂ ಕಿವಿಗೆ ಬೀಳುತ್ತಿತ್ತು. ಕೈ ಸೂಜಿಯ ಮೇಲಿದ್ದರೂ ಕಿವಿ ಮುಚ್ಚಿಕೊಳ್ಳಲು ಆಗುತ್ತದೆಯೇ? ಬೇಕೆಂದು ಕಲಿಯಲಿಲ್ಲ. ಆದರೆ ದಸರೆಯ ರಜೆ ಬರುವಷ್ಟರಲ್ಲಿ ಪುಸ್ತಕದ ಅರ್ಧದಷ್ಟು ನನಗೆ ಬಾಯಿಗೆ ಬಂದಿತ್ತು.

ಆ ಮೂವತ್ತರಲ್ಲಿ ಒಬ್ಬಳು ಲೂರ್ದಮ್ಮ. ನಾವು ಲೂರ್ದು ಎನ್ನುತ್ತಿದ್ದೆವು. ಅವಳ ತಂದೆ ಗಾರೆ ಕೆಲಸದವರು; ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ತಾಯಿ ಜ್ಞಾನಮ್ಮ ಕನ್ಯಾಸ್ತ್ರೀಯರ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದರು. ತಾಯಿ ಮಗಳು ಇಬ್ಬರೂ ಅಡಿಗೆಮನೆಯ ಹಿಂದಿನ ತಗಡಿನ ಕೋಣೆಯಲ್ಲೇ ಇದ್ದರು.

ಲೂರ್ದುವಿಗೆ ಉಗ್ಗು. ಸಾಮಾನ್ಯದ ಉಗ್ಗಲ್ಲ. ಮಾತು ಶುರುವಾಗುವ ಕಡೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕುತ್ತಿಗೆಯ ನರ ಎದ್ದು ನಿಲ್ಲುತ್ತಿತ್ತು, ಕಣ್ಣು ಬಿಗಿಯುತ್ತಿತ್ತು, ನೋಡುವವರಿಗೇ ಉಸಿರು ಕಟ್ಟಿದಂತಾಗುತ್ತಿತ್ತು. ಆದರೆ ಬರೆಯಲು ಕೊಟ್ಟರೆ ತರಗತಿಯಲ್ಲಿ ಅವಳೇ ಮುಂದು. ಭಿನ್ನರಾಶಿಯ ಲೆಕ್ಕವನ್ನು ನಾವು ಬರೆದುಕೊಳ್ಳುವಷ್ಟರಲ್ಲಿ ಅವಳು ಮಾಡಿ ಮುಗಿಸಿ ಸ್ಲೇಟನ್ನು ಮಗುಚಿ ಇಟ್ಟಿರುತ್ತಿದ್ದಳು. ಅಕ್ಷರ ಅಚ್ಚು ಹಾಕಿದ ಹಾಗೆ.

ಅವಳ ಪಕ್ಕದಲ್ಲಿ ನನ್ನನ್ನು ಕೂಡಿಸಿದ್ದರು. ಮುಳಬಾಗಿಲಿನಿಂದ ಬಂದ ಹೊಸಬಳು ನಾನು, ಮಾತಿನ ನಡುವೆ ತೆಲುಗು ಬೆರೆಸಿ ನಗೆಪಾಟಲಾಗುತ್ತಿದ್ದವಳು. ಇಬ್ಬರೂ ಬೇಗ ಜೊತೆಯಾದೆವು. ಅವಳು ಹೇಳಹೊರಟದ್ದು ಏನೆಂದು ನನಗೆ ಮೊದಲ ಅಕ್ಷರದಲ್ಲೇ ತಿಳಿಯುತ್ತಿತ್ತು. "ನೀ... ನೀ..." ಎಂದರೆ "ನೀರು ಕುಡ್ಯಾಕ್ ಹೋಗ್ತೀನಿ" ಎಂದು ನಾನೇ ಸಿಸ್ಟರಿಗೆ ಹೇಳಿಬಿಡುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು. ಅದು ಉಪಕಾರವೆಂದೇ ತಿಳಿದಿದ್ದೆ. ಸಿಸ್ಟರ್ ಕ್ಲೇರ್ ಒಮ್ಮೆ, "ಸರೋಜಾ, ಅವಳ ಮಾತನ್ನು ಅವಳೇ ಮುಗಿಸಲಿ. ನಮಗೆ ಅಷ್ಟೇನೂ ಅವಸರವಿಲ್ಲ," ಎಂದದ್ದುಂಟು. ನನಗೆ ಅವಸರವಿತ್ತು. ಹತ್ತು ವರ್ಷದವಳಿಗೆ ಎಲ್ಲಕ್ಕೂ ಅವಸರ.

ಮಗ್ಗಿ ಹೇಳುವಾಗ ಅವಳು ಉಗ್ಗುವುದಿಲ್ಲ ಎಂಬುದನ್ನು ಕಂಡುಹಿಡಿದದ್ದು ನಾನು. ಸಂಜೆ ಶಾಲೆ ಬಿಡುವ ಮುಂಚೆ ಎಲ್ಲರೂ ಸಾಲಾಗಿ ನಿಂತು ಮಗ್ಗಿ ಹೇಳಬೇಕಿತ್ತು. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು. ಅದಕ್ಕೊಂದು ಎಳೆತ ಇದೆಯಲ್ಲ, ಆ ಎಳೆತದ ಮೇಲೆ ಲೂರ್ದುವಿನ ದನಿ ಎಲ್ಲರ ದನಿಯ ನಡುವೆ ಒಂದು ಕಡೆಯೂ ತಡೆಯದೆ ಹೋಗುತ್ತಿತ್ತು. ಅವಳ ಪಕ್ಕದಲ್ಲಿ ನಿಂತಿದ್ದ ನಾನು ಹೇಳುವುದನ್ನೇ ನಿಲ್ಲಿಸಿ ಅವಳ ಬಾಯಿ ನೋಡಿದೆ.

ದಸರೆ ಕಳೆದು ಶಾಲೆ ತೆರೆದ ವಾರ ಸಿಸ್ಟರ್ ಕ್ಲೇರ್ ಒಂದು ಸುದ್ದಿ ಹೇಳಿದರು. ವರ್ಷದ ಕೊನೆಗೆ ಬೆಂಗಳೂರಿನಿಂದ ಕನ್ಯಾಸ್ತ್ರೀಯರ ಹಿರಿಯರಾದ ದೊಡ್ಡ ಮದರ್ ಬರುತ್ತಾರೆ, ಜೊತೆಗೆ ಒಬ್ಬರು ಸ್ವಾಮಿಗಳು, ಅಂದರೆ ಪಾದ್ರಿಗಳು. ಐದನೇ ತರಗತಿಯ ಕ್ರೈಸ್ತ ಹುಡುಗಿಯರಲ್ಲಿ ಇಬ್ಬರನ್ನು ಆರಿಸಿ ಬೆಂಗಳೂರಿನ ಬೋರ್ಡಿಂಗಿಗೆ ಕರೆದುಕೊಂಡು ಹೋಗುತ್ತಾರೆ. ಊಟ, ವಸತಿ, ಓದು ಎಲ್ಲವೂ ಅವರದೇ. ಮುಂದೆ ಟೀಚರ್ ಆಗಬಹುದು. ಬರವಣಿಗೆಯ ಪರೀಕ್ಷೆ ಸಿಸ್ಟರೇ ನಡೆಸುತ್ತಾರೆ. ಜ್ಞಾನೋಪದೇಶವನ್ನು ಸ್ವಾಮಿಗಳು ಎದುರಿಗೆ ನಿಲ್ಲಿಸಿ ಬಾಯಲ್ಲಿ ಕೇಳುತ್ತಾರೆ.

ಅಂದು ಸಂಜೆ ಅಡಿಗೆಮನೆಯ ಹಿಂದೆ ಜ್ಞಾನಮ್ಮ ರಾಗಿ ಕೇರುತ್ತಾ ಕೂತಿದ್ದರು. ನನ್ನನ್ನು ಕಂಡವರೇ, "ಪಾಪ, ನೀನಾದ್ರೂ ಏನಾರ ಮಾಡವ್ವ," ಎಂದರು. "ಇಲ್ಲಿ ಐದ್ರ ಮೇಲೆ ಕ್ಲಾಸಿಲ್ಲ. ಇವಳ ಮಾವ ಮಾಲೂರಲ್ಲವ್ನೆ. ಹೆಂಚಿನ ಕಾರ್ಖಾನೇಲಿ ಇಬ್ರಿಗೂ ಕೆಲ್ಸ ಕೊಡಿಸ್ತೀನಿ, ಬಂದ್ಬಿಡಿ ಅಂತ ಮೂರ್ ಸಲ ಹೇಳಿ ಕಳಿಸವ್ನೆ. ಬೆಂಗ್ಳೂರಿಗೆ ಹೋದ್ರೆ ಇವಳು ಬದುಕ್ಕೊಂತಾಳೆ. ಇಲ್ದಿದ್ರೆ ನನ್ ಜತೆ ಮಣ್ಣು ಹೊರ್ಬೇಕು."

ಲೂರ್ದು ತಾಯಿಯ ಬೆನ್ನ ಹಿಂದೆ ನಿಂತು ನೆಲ ನೋಡುತ್ತಿದ್ದಳು.

"ಮಗ್ಗಿ ಥರ ಹೇಳಣ ಕಣೇ," ಎಂದೆ ನಾನು. "ಉತ್ತರ ಎಲ್ಲಾನೂ ಮಗ್ಗಿ ರಾಗದಲ್ಲಿ ಹೇಳಿದ್ರೆ ಆಯ್ತಲ್ಲ?"

ಹೀಗೆ ಶುರುವಾಯಿತು. ಜ್ಞಾನೋಪದೇಶದ ಪುಸ್ತಕ ಅವಳ ಕೈಯಲ್ಲಿ, ಪ್ರಶ್ನೆ ಕೇಳುವವಳು ನಾನು. ಪುಸ್ತಕ ನೋಡದೆ ಕೇಳುತ್ತಿದ್ದೆ. ಕಾರ್ತಿಕದಲ್ಲಿ ಮದರಾಸಿನ ಕಡೆಯಿಂದ ಚಂಡಮಾರುತದ ಮಳೆ ಬಂತು. ನಾಲ್ಕು ದಿನ ಬಿಡದೆ ಸುರಿದು ಕೆರೆ ಕೋಡಿ ಬಿತ್ತು, ಶಾಲೆಗೆ ರಜೆ ಕೊಟ್ಟರು. ಅಜ್ಜಿಯ ಕಣ್ಣು ತಪ್ಪಿಸಿ ಗೋಣಿಚೀಲ ತಲೆಗೆ ಹಾಕಿಕೊಂಡು ಆ ತಗಡಿನ ಕೋಣೆಗೆ ಹೋಗುತ್ತಿದ್ದೆ. ತಗಡಿನ ಮೇಲೆ ಮಳೆಯ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಇಬ್ಬರೂ ಕೂಗಿ ಹೇಳುತ್ತಿದ್ದೆವು. ಆ ನಾಲ್ಕು ದಿನ ಲೂರ್ದು ನನಗಿಂತ ಗಟ್ಟಿಯಾಗಿ ಕೂಗಿದಳು. ಅವಳು ಬಾಯಿ ತುಂಬ ನಕ್ಕದ್ದನ್ನು ನೋಡಿದ್ದೂ ಆಗಲೇ. ಸಂಕ್ರಾಂತಿ ಹೊತ್ತಿಗೆ ಪುಸ್ತಕದ ಮೊದಲಿನಿಂದ ಕೊನೆಯವರೆಗೆ ಒಂದು ಉತ್ತರದಲ್ಲೂ ತಡೆಯುತ್ತಿರಲಿಲ್ಲ.

ಸಿಸ್ಟರ್ ಕ್ಲೇರ್ ಒಂದು ದಿನ ಇದನ್ನು ಕೇಳಿಸಿಕೊಂಡು ಬಾಗಿಲಲ್ಲೇ ನಿಂತರು. ಅವರ ಕಣ್ಣು ತುಂಬಿತ್ತು. ಆದರೆ ನನ್ನನ್ನು ಪಕ್ಕಕ್ಕೆ ಕರೆದು, "ಸ್ವಾಮಿಗಳು ಇದಕ್ಕೆ ಒಪ್ಪುವರೋ ಇಲ್ಲವೋ ನಾನು ಹೇಳಲಾರೆ ಮಗು. ಬರೆದು ಉತ್ತರಿಸಲು ಅವಳಿಗೆ ಅಪ್ಪಣೆ ಕೊಡಿ ಎಂದು ಮದರಿಗೆ ಪತ್ರ ಹಾಕುತ್ತೇನೆ," ಎಂದರು.

ಹದಿನೈದು ದಿನದ ಮೇಲೆ ಉತ್ತರ ಬಂತು. ವಿಶ್ವಾಸವನ್ನು ಬಾಯಿಂದಲೇ ಹೇಳಬೇಕು, ಬರೆದು ತೋರಿಸುವುದಲ್ಲ.

"ಇನ್ನೊಂದ್ಸಲ ಕೇಳಿ ಸಿಸ್ಟರ್," ಎಂದೆ.

"ನಾವು ಎರಡು ಸಲ ಕೇಳುವ ಹಾಗಿಲ್ಲ," ಎಂದರು ಅವರು. ಹಾಗೆಂದವರೇ ಕರಿಹಲಗೆಯ ಕಡೆ ತಿರುಗಿ, ಆಗಲೇ ಒರೆಸಿದ್ದ ಹಲಗೆಯನ್ನು ಮತ್ತೆ ಒರೆಸಿದರು.

ಮಾರ್ಚಿನಲ್ಲಿ ಒಂದು ಬೆಳಗ್ಗೆ ಸ್ವಾಮಿಗಳು ಬಂದರು. ತರಗತಿಯಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿ ಎರಡು ಮೇಣದಬತ್ತಿ ಹಚ್ಚಿಟ್ಟಿದ್ದರು. ಸ್ವಾಮಿಗಳು ವಯಸ್ಸಾದವರು, ಬಿಳಿ ಗಡ್ಡ, ಮೃದುವಾದ ದನಿ. ಅವರು ಸಿಡುಕಿನವರಾಗಿದ್ದರೆ ಇದನ್ನು ಬರೆಯುವುದು ನನಗೆ ಈಗ ಸುಲಭವಾಗುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಬೆಂಗಳೂರಿನ ಮದರ್. ಬರವಣಿಗೆಯ ಪರೀಕ್ಷೆಯಲ್ಲಿ ಲೂರ್ದುವೇ ಎಲ್ಲರಿಗಿಂತ ಮೇಲಿದ್ದಾಳೆಂದು ಸಿಸ್ಟರ್ ಕ್ಲೇರ್ ಅವರಿಗೆ ಹೇಳುತ್ತಿದ್ದುದು ಹೊರಗೆ ನಮಗೂ ಕೇಳಿಸಿತು. ನಾವು ಎಂಟು ಮಂದಿ ಎಂದಿನಂತೆ ವರಾಂಡದಲ್ಲಿ ಕಾಜಾ ಹೊಲಿಯುತ್ತಿದ್ದೆವು. ಅಡಿಗೆಮನೆಯ ಬಾಗಿಲಲ್ಲಿ ಜ್ಞಾನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಐದಾರು ಹುಡುಗಿಯರಾದ ಮೇಲೆ ಲೂರ್ದುವಿನ ಸರದಿ ಬಂತು.

"ಸರ್ವೇಶ್ವರನು ಎಲ್ಲಿದ್ದಾನೆ ಮಗು?"

ಅವಳು ಉಸಿರು ಎಳೆದುಕೊಂಡಳು. "ಸರ್ವೇಶ್ವರನು ಎಲ್ಲೆಲ್ಲೂ ಇದ್ದಾನೇ, ಎಲ್ಲವನ್ನೂ ನೋಡ್ತಾನೇ..." ಮಗ್ಗಿಯ ಎಳೆತದಲ್ಲಿ ದನಿ ಸರಾಗವಾಗಿ ಹೊರಟಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸ್ವಾಮಿಗಳು ಕೈ ಎತ್ತಿ ತಡೆದರು.

"ಇದೇನು, ಮಗ್ಗಿ ಹೇಳುವ ಹಾಗೆ ಹೇಳುತ್ತೀಯಲ್ಲ? ಸರ್ವೇಶ್ವರನ ವಿಷಯ ಇದು. ರಾಗ ಬೇಡ. ಅರ್ಥ ತಿಳಿದು ಮಾತಿನಲ್ಲಿ ಹೇಳು."

ತರಗತಿಯೆಲ್ಲ ನಕ್ಕಿತು. ಸಿಸ್ಟರ್ ಕ್ಲೇರ್ ಒಂದು ಹೆಜ್ಜೆ ಮುಂದೆ ಬಂದರು. ಮದರ್ ಅವರ ಕಡೆ ನೋಡಿದರು. ಸಿಸ್ಟರ್ ಅಲ್ಲೇ ನಿಂತರು.

ನಾನು ಎದ್ದು ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದೆ. ಲೂರ್ದು ನನಗೆ ಪಕ್ಕದಿಂದ ಕಾಣುತ್ತಿದ್ದಳು. "ಸ..." ಎಂದಳು. ಕುತ್ತಿಗೆಯ ನರ ಎದ್ದಿತು. ಮತ್ತೆ "ಸ..." ಎಂದಳು. ಆಮೇಲೆ ದನಿಯೇ ಇಲ್ಲ, ಬಾಯಿ ಮಾತ್ರ ತೆರೆದಿತ್ತು. ಮೇಜಿನ ಮೇಲೆ ಬತ್ತಿಗಳು ಉರಿಯುತ್ತಿದ್ದವು. ಎಷ್ಟು ಹೊತ್ತಾಯಿತೋ ತಿಳಿಯದು. ಸ್ವಾಮಿಗಳು ಕಾಯುತ್ತಲೇ ಇದ್ದರು. ಅವರೂ ಕಾದರು ಎಂಬುದನ್ನು ಮರೆಯದೆ ಬರೆಯಬೇಕು. ಕಾಯಲಾಗದವಳು ನಾನು.

"ಸರ್ವೇಶ್ವರನು ಎಲ್ಲೆಲ್ಲಿಯೂ ಇದ್ದಾನೆ, ಎಲ್ಲವನ್ನೂ ನೋಡುತ್ತಾನೆ, ಎಲ್ಲವನ್ನೂ ಕೇಳುತ್ತಾನೆ!" ಎಂದು ಕಿಟಕಿಯಿಂದ ಕೂಗಿಬಿಟ್ಟೆ.

ಎಲ್ಲರ ತಲೆಯೂ ಈ ಕಡೆ ತಿರುಗಿತು. ಲೂರ್ದುವಿನ ಬಾಯಿ ಮುಚ್ಚಿಕೊಂಡಿತು.

"ಯಾರದು?" ಎಂದರು ಸ್ವಾಮಿಗಳು. ನನ್ನನ್ನು ಒಳಗೆ ಕರೆಸಿದರು. ಹಣೆಯ ಮೇಲಿನ ಕುಂಕುಮ ನೋಡಿ ಅವರಿಗೆ ಆಶ್ಚರ್ಯವಾಯಿತು. ಎಲ್ಲಿ ಕಲಿತೆ ಎಂದು ಕೇಳಿದರು. ಹೊಲಿಗೆ ಹಾಕುತ್ತಾ ಕೇಳಿಸಿಕೊಂಡೆ ಎಂದೆ. ಪೆಟ್ಟು ಬೀಳುತ್ತದೆ ಎಂದುಕೊಂಡಿದ್ದವಳಿಗೆ ಅವರು ಇನ್ನೊಂದು ಪ್ರಶ್ನೆ ಕೇಳಿದರು. ಉತ್ತರ ಹೇಳಿದೆ. ಮತ್ತೊಂದು ಕೇಳಿದರು. ಅದಕ್ಕೂ ಹೇಳಿದೆ. ಗೊತ್ತಿಲ್ಲ ಎನ್ನಬಹುದಿತ್ತು. ಅದು ಹೊಳೆಯಲೇ ಇಲ್ಲ. ಒಂದೊಂದು ಉತ್ತರಕ್ಕೂ ಮದರ್ ತಲೆದೂಗುವುದು ಕಾಣುತ್ತಿತ್ತು, ನನ್ನ ದನಿ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಲೂರ್ದು ನನ್ನಿಂದ ಎರಡು ಮೊಳ ದೂರದಲ್ಲಿ ನಿಂತಿದ್ದಳು.

ಸ್ವಾಮಿಗಳು ತರಗತಿಯ ಕಡೆ ತಿರುಗಿದರು. "ನೋಡಿ ಮಕ್ಕಳೇ, ಈ ಹಿಂದೂ ಹುಡುಗಿ ಹೊರಗೆ ಕೂತು ಕಲಿತಿದ್ದಾಳೆ. ಒಳಗೆ ಕೂತ ನೀವು ಹೇಗೆ ಕಲಿಯಬೇಕು?" ತಮ್ಮ ಪುಸ್ತಕದೊಳಗಿಂದ ದೇವಮಾತೆಯ ಬಣ್ಣದ ಚಿತ್ರವೊಂದನ್ನು ತೆಗೆದು ನನ್ನ ಕೈಗೆ ಕೊಟ್ಟರು. ಆಮೇಲೆ ಲೂರ್ದುವಿನ ತಲೆಯ ಮೇಲೆ ಕೈಯಿಟ್ಟು, "ನೀನು ಇನ್ನೂ ಚೆನ್ನಾಗಿ ಓದಿಕೋ. ಮುಂದಿನ ವರ್ಷ ನೋಡೋಣ," ಎಂದರು.

ಆ ಶಾಲೆಯಲ್ಲಿ ಅವಳಿಗೆ ಮುಂದಿನ ವರ್ಷ ಇರಲಿಲ್ಲ. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ. ಬೇರೆ ಇಬ್ಬರು ಹುಡುಗಿಯರ ಹೆಸರು ಬರೆದುಕೊಂಡರು. ಊಟಕ್ಕೆ ಮುಂಚೆ ಬತ್ತಿ ಆರಿಸಿದರು.

ಜ್ಞಾನಮ್ಮ ನನ್ನನ್ನು ಬೈಯಲಿಲ್ಲ. ಸ್ವಾಮಿಗಳಿಗೆ ಬಡಿಸಲು ಸಾರಿನ ಪಾತ್ರೆ ಹಿಡಿದು ಹೋಗುತ್ತಿದ್ದವರು ನನ್ನೆದುರು ನಿಂತು, "ಅವಳು ಹೇಳೋಳು ಕಣವ್ವ. ಇನ್ನೊಂದ್ ಗಳಿಗೆ ಬಿಟ್ಟಿದ್ರೆ ಹೇಳೋಳು," ಎಂದಷ್ಟೇ ಹೇಳಿ ಒಳಗೆ ಹೋದರು.

ಮನೆಯಲ್ಲಿ ಆ ಚಿತ್ರ ಅಜ್ಜಿಯ ಕಣ್ಣಿಗೆ ಬಿತ್ತು. ದೊಡ್ಡ ರಂಪವಾಯಿತು. ಅಪ್ಪ ಸಮಾಧಾನ ಹೇಳಿ ಕೇಳಿದಾಗ ನಾನು ಅಳುತ್ತಾ ನಡೆದದ್ದನ್ನೆಲ್ಲ ಹೇಳಿದೆ. "ನೀವು ಹೋಗಿ ಹೇಳಿ ಅಪ್ಪ. ನೀವು ಕಚೇರಿಯವರು, ನಿಮ್ಮ ಮಾತು ಕೇಳ್ತಾರೆ."

ಅಪ್ಪ ಚಿತ್ರವನ್ನು ನನ್ನ ಕೈಗೆ ಹಿಂದಿರುಗಿಸಿದರು. "ಅವರ ಮತದ ವಿಷಯ ಕಣೇ. ನಾನು ಹೋಗಿ ಏನಂತ ಹೇಳ್ಲಿ?" ಎಂದರು. ಅಷ್ಟು ಹೊತ್ತು ಕೂಗಾಡಿದ್ದ ಅಜ್ಜಿ, "ಪಾಪಂ, ಆ ನತ್ತಿ ಪಿಲ್ಲ" ಎಂದು ಒಲೆಯ ಕಡೆಗೆ ಎದ್ದು ಹೋದಳು. ಉಗ್ಗುವವಳನ್ನು ತೆಲುಗಿನಲ್ಲಿ ಹಾಗೆನ್ನುತ್ತಾರೆ.

ಏಪ್ರಿಲ್ಲಿನಲ್ಲಿ ತಾಯಿ ಮಗಳು ಮಾಲೂರಿಗೆ ಹೊರಟರು. ಆ ಒಂದು ತಿಂಗಳು ಲೂರ್ದು ನನ್ನ ಪಕ್ಕದಲ್ಲೇ ಕೂತಿದ್ದಳು, ಸ್ಲೇಟು ಬಳಪ ಹಂಚಿಕೊಂಡಳು, ಮಾತು ಮಾತ್ರ ಇಲ್ಲ. ಸಾಯಂಕಾಲದ ಮಗ್ಗಿಯಲ್ಲೂ ಬಾಯಿ ತೆರೆಯುತ್ತಿರಲಿಲ್ಲ. ಹೊರಡುವ ದಿನ ನಾನು ಬಸ್ ನಿಲ್ದಾಣಕ್ಕೆ ಹೋದೆ. ಪೆಟ್ರೋಲ್ ಸಿಗದ ಕಾಲ. ಬಸ್ಸಿನ ಹಿಂದೆ ಒಂದು ದೊಡ್ಡ ಒಲೆ ಕಟ್ಟಿ ಇದ್ದಿಲಿನ ಹೊಗೆಯಲ್ಲಿ ಓಡಿಸುತ್ತಿದ್ದರು. ಕ್ಲೀನರ್ ಹಿಂದೆ ನಿಂತು ತಿದಿಯ ಚಕ್ರ ತಿರುಗಿಸುತ್ತಿದ್ದ. ಒಲೆ ಹೊತ್ತಿಕೊಳ್ಳಲು ಮುಕ್ಕಾಲು ಗಂಟೆ ಬೇಕಿತ್ತು. ಅಷ್ಟು ಹೊತ್ತೂ ಲೂರ್ದು ಕಿಟಕಿಯ ಪಕ್ಕ ಕೂತಿದ್ದಳು, ನಾನು ಕೆಳಗೆ ಬಿಸಿಲಲ್ಲಿ ನಿಂತಿದ್ದೆ.

"ಬೇಕಂತ ಮಾಡ್ಲಿಲ್ಲ ಕಣೇ ಲೂರ್ದು. ನಿನ್ ಕಷ್ಟ ನೋಡಕ್ಕಾಗ್ಲಿಲ್ಲ," ಎಂದೆ.

ಅವಳು ಮೊದಲ ಬಾರಿಗೆ ನನ್ನ ಕಡೆ ತಿರುಗಿದಳು. ತುಟಿ ಅದುರಿತು. ಈ ಸಲ ನಾನು ಹಲ್ಲು ಕಚ್ಚಿಕೊಂಡು ಕಾದೆ.

"ಬ... ಬ... ಬರ್ತಿತ್ತು," ಎಂದಳು. "ನ... ನಂಗೆ ಬರ್ತಿತ್ತು."

ಒಲೆ ಹೊತ್ತಿಕೊಂಡಿತು. ಕ್ಲೀನರ್ ತಗಡು ಬಡಿದ. ಜ್ಞಾನಮ್ಮ ಕೈಮುಗಿದರು. ಬಸ್ಸು ಹೊಗೆ ಕಾರಿಕೊಂಡು ಹೋಯಿತು.

ಆ ಬೇಸಿಗೆಯಲ್ಲೇ ಅಪ್ಪನಿಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಅಲ್ಲಿಂದ ಮಾಲೂರಿಗೆ ಎರಡು ಕಾರ್ಡು ಬರೆದೆ. ವಿಳಾಸ ಸರಿಯಿತ್ತೋ ಇಲ್ಲವೋ, ಉತ್ತರ ಬರಲಿಲ್ಲ. ಸಿಸ್ಟರ್ ಕ್ಲೇರ್ ಅವರನ್ನೂ ಬೇರೆ ಊರಿಗೆ ಕಳಿಸಿದರೆಂದು ಆಮೇಲೆ ಕೇಳಿದೆ.

ಐದು ವರ್ಷದ ಮೇಲೆ ಸೋದರತ್ತೆಯ ಮಗಳ ಮದುವೆಗೆ ಮಾಲೂರಿಗೆ ಹೋದೆವು. ಮದುವೆಯ ಮಾರನೇ ದಿನ, ಗುಡಿಗೆ ಹೋಗಿ ಬರ್ತೀನಿ ಎಂದು ಸುಳ್ಳು ಹೇಳಿ ಹೆಂಚಿನ ಕಾರ್ಖಾನೆ ಹುಡುಕಿಕೊಂಡು ಹೋದೆ. ಬಯಲಿನಲ್ಲಿ ಹಸಿ ಹೆಂಚುಗಳನ್ನು ಸಾಲಾಗಿ ಒಣಗಲು ಇಟ್ಟಿದ್ದರು. ಕೆಲಸದ ಹೆಂಗಸರು ನೆರಳಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದರು. ಅವರಲ್ಲಿ ವಯಸ್ಸಾದ ಒಬ್ಬಾಕೆ, ಮುನಿಯಮ್ಮ ಎಂದು ಅವಳ ಹೆಸರು, ನನ್ನ ಸೀರೆ ನೋಡಿ ಎದ್ದು ಬಂದಳು. ಕೋಲಾರದಿಂದ ಬಂದ ಜ್ಞಾನಮ್ಮ, ಅವಳ ಮಗಳು ಲೂರ್ದಮ್ಮ ಇಲ್ಲಿದ್ದಾರೆಯೇ ಎಂದು ಕೇಳಿದೆ.

"ಜ್ಞಾನಮ್ಮ ಸತ್ತು ವರ್ಷ ಆಯ್ತಲ್ಲಮ್ಮ. ಮಗಳ್ನ ಅವಳ ಮಾವ ತಮಿಳುಸೀಮೆ ಕಡೆ ಯಾರಿಗೋ ಕೊಟ್ಟು ಮದ್ವೆ ಮಾಡಿ ಕಳಿಸ್ದ. ಯಾವೂರೋ ನಂಗೊತ್ತಿಲ್ಲ. ಒಳ್ಳೇ ಹುಡುಗಿ, ಕತ್ತೆ ಥರ ದುಡಿಯೋಳು. ಏನ್ ಮಾಡೋದು, ದೇವ್ರು ಮೂಗಿ ಮಾಡ್ಬಿಟ್ಟ."

"ಮೂಗಿ ಅಲ್ಲ," ಎಂದೆ. "ಅವಳಿಗೆ ಮಾತು ಬರ್ತಿತ್ತು. ಸ್ವಲ್ಪ ಉಗ್ಗು, ಅಷ್ಟೇ."

ಮುನಿಯಮ್ಮ ನನ್ನನ್ನು ಕನಿಕರದಿಂದ ನೋಡಿದಳು. "ಬೇರೆ ಯಾರೋ ಇರ್ಬೇಕು ಬಿಡಮ್ಮ ನೀನ್ ಹೇಳೋಳು."

"ಇಲ್ಲ, ಅವಳೇ. ಲೂರ್ದಮ್ಮ. ಹದಿನೇಳರ ಮಗ್ಗಿ ತಪ್ಪಿಲ್ದೆ ಹೇಳೋಳು."

"ನಾಕು ವರ್ಷ ನನ್ ಪಕ್ಕದಲ್ಲೇ ನಿಂತು ಹೆಂಚು ಹೊತ್ತವ್ಳೆ," ಎಂದಳು ಮುನಿಯಮ್ಮ. "ತಾಯಿ ಸತ್ತಾಗ್ಲೂ ಬಾಯಿಂದ ಒಂದು ಸದ್ದು ಬರ್ಲಿಲ್ಲ. ನಂಗೊತ್ತಿಲ್ವಾ?"